ಪ್ರೇಮ್‌ಕುಮಾರನ ದವಡೆ ಹಲ್ಲು

ತೊಂಬತ್ತಾರರ ಬೇಸಗೆ. ಹೆಮ್ಮರಗಾಲದ ಶಾಲೆಗೆ 'ಉಚಿತ ದಂತ ತಪಾಸಣಾ ಶಿಬಿರ' ಎಂಬ ಬಟ್ಟೆ ಬ್ಯಾನರು ಕಟ್ಟಿ ಎರಡು ಗಂಟೆ ಕಳೆದಿತ್ತು. ಮೈಸೂರಿನಿಂದ ಬಂದ ಹಲ್ಲಿನ ಡಾಕ್ಟರು ಅರ್ಪಿತ ಇಕ್ಕಳಗಳನ್ನೆಲ್ಲ ಸಾಲಾಗಿ ಜೋಡಿಸಿ ಕೂತಿದ್ದರು. ಹಲ್ಲು ತೋರಿಸಲು ಮಾತ್ರ ನರಪಿಳ್ಳೆಯೂ ಬಂದಿರಲಿಲ್ಲ.

ತಪ್ಪು ಹಲ್ಲಿನದಲ್ಲ, ಆರೋಗ್ಯ ಸಹಾಯಕ ಪ್ರೇಮ್‌ಕುಮಾರನದು. ಐದು ವರ್ಷದಿಂದ ಅವನು ಈ ಊರಿಗೆ ಬರುತ್ತಿದ್ದುದೇ ಕುಟುಂಬ ಯೋಜನೆಯ ಆಪರೇಷನ್ನಿಗೆ ಜನ ಹೊಂದಿಸಲು. ಈಗಲೂ ಅದೇ ಸೈಕಲ್ಲು, ಅದೇ ಚೀಲ, ಅದೇ ನಗು. 'ಬಾಯಿ ತೋರಿಸಿದರೆ ಸಾಕು' ಎಂದರೆ ಯಾರು ನಂಬುತ್ತಾರೆ? ಅವನ ಬೆಲ್ಲು ಕೇಳಿದ್ದೇ ತಡ, ಗಂಡಸರೆಲ್ಲ ಶಾಲೆಯ ಪಕ್ಕದ ಕಬ್ಬಿನ ಗದ್ದೆ ಹೊಕ್ಕರು.

ಮಧ್ಯಾಹ್ನ ಜಿಲ್ಲೆಯ ಸಾಹೇಬರ ಜೀಪು ಬರುವುದಿತ್ತು. "ಐವತ್ತು ಜನ ಸೇರದೇ ಇದ್ರೆ ನಿಮ್ಮನ್ನ ಕಾಡಿನ ಕಡೆ ವರ್ಗ ಮಾಡ್ಬಿಡ್ತೀನಿ" ಎಂದು ಅವರು ಮೊದಲೇ ಗದರಿಸಿದ್ದರು. ನಾಲ್ಕು ವರ್ಷ ಗಂಡ ಒಂದೂರು, ಹೆಂಡತಿ ಒಂದೂರು. ಟೀಚರಾಗಿದ್ದ ಹೆಂಡತಿ ಇಂದ್ರಾಣಿಗೆ ಅವನಿದ್ದ ನಂಜನಗೂಡಿನಲ್ಲೇ ಶಾಲೆ ಸಿಕ್ಕಿ ಮೂರು ತಿಂಗಳಾಗಿತ್ತು ಅಷ್ಟೆ. ಒಟ್ಟಿಗೆ ಕೂತು ಕಾಫಿ ಕುಡಿಯುವ ಸುಖ ಈಗಷ್ಟೇ ರೂಢಿಯಾಗುತ್ತಿತ್ತು. ಪಾಪ, ಪ್ರೇಮ್‌ಕುಮಾರನಿಗೆ ಅಳು ಬರುವುದೊಂದು ಬಾಕಿ.

ಕೊನೆಗೆ ಒಬ್ಬಳು ಬಂದಳು, ದೇವೀರಮ್ಮಜ್ಜಿ. "ಎಪ್ಪತ್ತಾಯ್ತು ಮಗಾ, ನಂಗೆಂಥ ಆಪ್ರೇಸನ್ ಮಾಡೀರಿ? ಅದೇನ್ ನೋಡೀರೋ ನೋಡ್ರವ್ವಾ" ಎಂದು ಬಾಯಿ ತೆರೆದಳು. ಅರ್ಪಿತ ಟಾರ್ಚಿನ ಬೆಳಕು ಬಿಟ್ಟು ಆ ಮೂಲೆ ಈ ಮೂಲೆ ಹುಡುಕಿದರು. ಒಂದು ಹಲ್ಲೂ ಇರಲಿಲ್ಲ.

"ಏನ್ರೀ ಇದು, ಪ್ರೇಮ್‌ಕುಮಾರ್?"

"ಹೆಸರು ಬರ್ಕೊಳಿ ಮೇಡಂ. ಬಾಯಂತೂ ಇದೆಯಲ್ಲ!"

ಹೀಗೆ ಒಂದಾಯಿತು. ಇನ್ನು ನಲವತ್ತೊಂಬತ್ತು. ಪ್ರೇಮ್‌ಕುಮಾರ ಗದ್ದೆಯ ಬದುವಿಗೆ ಓಡಿದ.

"ಮಾದಯ್ಯನೋರೇ, ಬರೀ ಹಲ್ಲು ಕಣ್ರೀ! ಇಟ್ಟಿಗೆ ಪುಡಿ ಉಜ್ಜಿ ಉಜ್ಜಿ ಸವೆಸ್ಕೊಂಡಿದ್ದೀರ, ಹೊಗೆಸೊಪ್ಪು ಒತ್ತರಿಸಿ ವಸಡು ಕೆಡಿಸ್ಕೊಂಡಿದ್ದೀರ. ಡಾಕ್ಟ್ರು ನೋಡ್ತಾರೆ ಬನ್ನಿ."

ಕಬ್ಬು ಅಲುಗಾಡಿ ಮಾದಯ್ಯನ ದನಿ ಬಂತು. "ಓದೊರ್ಸ ನನ್ ತಮ್ಮನ್ನೂ ಇಂಗೇ ನಗ್‌ನಗ್ತಾ ಕರ್ಕೊಂಡೋದೆ ಕಣಪ್ಪ. ಮೂರ್ ದಿನ ಕಾಲ್ ಅಗಲಿಸ್ಕೊಂಡ್ ನಡ್ದ! ಅಲ್ಲು ಕೀಳೋ ಡಾಕ್ಟ್ರೇ ಆದ್ರೆ ಮೊದ್ಲು ನೀನ್ ಕುಂತ್ಕೊ. ನಾವ್ ಕಿಟಕೀಲಿ ನೋಡ್ತೀವಿ."

ಪ್ರೇಮ್‌ಕುಮಾರನ ಕೈ ತಾನಾಗಿಯೇ ಬಲಗೆನ್ನೆಗೆ ಹೋಯಿತು. ಅವನ ಬಲದವಡೆಯ ಕೊನೆಯ ಹಲ್ಲು ಹುಳುಕಾಗಿ ಎರಡು ವರ್ಷವಾಗಿತ್ತು. ಮಲಗುವ ಮುಂಚೆ ಹಲ್ಲುಜ್ಜಿ ಎಂದು ಊರಿಗೆಲ್ಲ ಹೇಳುವವನು ತಾನು ಲವಂಗ ಕಚ್ಚಿಕೊಂಡು ಮಲಗುತ್ತಿದ್ದ. ಇಕ್ಕಳದ ಹೆದರಿಕೆಗೆ ಯಾವ ಡಾಕ್ಟರಿಗೂ ತೋರಿಸಿರಲಿಲ್ಲ. ಆದರೆ ಇಂದ್ರಾಣಿಯ ಮುಖ ಕಣ್ಣ ಮುಂದೆ ಬಂತು. ಹೋಗಿ ಕುರ್ಚಿಯಲ್ಲಿ ಕೂತೇಬಿಟ್ಟ.

ಕಿಟಕಿಗಳ ತುಂಬ ತಲೆಗಳು. ಸೂಜಿ ಕಂಡು "ಅಯ್ಯಯ್ಯೋ, ಎಷ್ಟುದ್ದ ಐತ್ಲಾ!" ಎಂದು ಹೊರಗಿನವರೇ ಕಿರುಚಿದರು. ಸ್ವಲ್ಪ ಹೊತ್ತಿಗೆ ಪ್ರೇಮ್‌ಕುಮಾರನ ಕೆನ್ನೆ ಮರಗಟ್ಟಿ ಪಕ್ಕದ ಮನೆಯವರ ಕೆನ್ನೆಯಂತಾಯಿತು. ಕಣ್ಣು ಮುಚ್ಚಿ ಮುಷ್ಟಿ ಬಿಗಿದು ಕಾಯುತ್ತಿದ್ದವನಿಗೆ "ಮುಗೀತು, ಏಳಿ" ಎಂಬ ಮಾತು ಕೇಳಿಸಿತು. ನೋವೇ ಆಗಿರಲಿಲ್ಲ! ಇಷ್ಟಕ್ಕೆ ಎರಡು ವರ್ಷ ಹೆದರಿದ್ದೆನಲ್ಲ ಎಂದು ನಾಚಿಕೆಯೂ ಆಯಿತು.

"ಒಂದು ಗಂಟೆ ಬಾಯಿ ಬಿಡಬೇಡಿ" ಎಂದು ಅರ್ಪಿತ ಹತ್ತಿ ಕಚ್ಚಿಸಿದರು. ಪ್ರೇಮ್‌ಕುಮಾರ ಹಲ್ಲನ್ನು ಎತ್ತಿ ಹಿಡಿದು, ಚುನಾವಣೆ ಗೆದ್ದವನ ಗತ್ತಿನಲ್ಲಿ ಜಗುಲಿಗೆ ಬಂದ. ಸಿಳ್ಳೆಯೋ ಸಿಳ್ಳೆ!

"ಬರೀ ಅಲ್ಲು ಕಣ್ರಲಾ ಕಿತ್ತಿರೋದು! ಬ್ಯಾರೇನೂ ಮುಟ್ಟಿಲ್ಲ!" ಎಂದು ಸಾರಿದ ಮಾದಯ್ಯ ತಾನೇ ಸಾಲಿನ ತಲೆಗೆ ನಿಂತ.

ಜೀಪು ಬರುವ ಹೊತ್ತಿಗೆ ಸಾಲು ಗೇಟು ದಾಟಿ ರಸ್ತೆಗಿಳಿದಿತ್ತು. ಹೆಸರು ಬರೆಸಿದವರು ನೂರ ಹನ್ನೆರಡು ಜನ. "ಭೇಷ್! ಏನ್ರೀ ಮಾಡಿದ್ರಿ?" ಎಂದು ಸಾಹೇಬರು ಕೇಳಿದರೆ ಪ್ರೇಮ್‌ಕುಮಾರ ಬಾಯಿ ಬಿಡುವಂತಿಲ್ಲ.

"ಮೊದ್ಲು ಈವಯ್ಯನೇ ಕೀಳುಸ್ಕೊಂಡ ಸಾ!" ಎಂದ ಮಾದಯ್ಯ. "ಅದ್ನ ನೋಡಿ ನಮ್ಗೂ ದೈರ್ಯ ಬಂತು."

ಸಾಹೇಬರು ಬೆನ್ನು ತಟ್ಟಿದರು. "ವರ್ಗ ಗಿರ್ಗ ಏನೂ ಇಲ್ಲ. ಹಾಯಾಗಿ ನಂಜನಗೂಡಲ್ಲೇ ಇರಿ." ಪ್ರೇಮ್‌ಕುಮಾರನಿಗೆ ಕುಣಿದುಬಿಡೋಣ ಎನ್ನಿಸಿತು. ಇಂಥ ಗೆಲುವನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ಸೋಮವಾರ ಬನ್ನೂರು, ಬುಧವಾರ ಮುಡುಕುತೊರೆ," ಸಾಹೇಬರು ಮುಂದುವರಿಸಿದರು. "ಎಲ್ಲಾ ಕಡೇನೂ ಜನ ಬರಲ್ಲ ಅನ್ನೋದೇ ತೊಂದ್ರೆ. ನೀವು ಬಂದು ಮೊದ್ಲು ಕೂತ್ಕೊಂಡ್ಬಿಡಿ."

ಅರ್ಪಿತ ಗಾಬರಿಯಾದರು. "ಸಾರ್, ಅವರ ಬಾಯಲ್ಲಿ ಇನ್ನು ಕೆಟ್ಟ ಹಲ್ಲೇ ಇಲ್ಲ. ಉಳಿದ ಮೂವತ್ತೊಂದೂ ಕಲ್ಲಿನ ಹಾಗಿವೆ!"

"ಒಳ್ಳೇದೇ ಆಯ್ತಲ್ಲಮ್ಮ" ಎಂದು ಸಾಹೇಬರು ಡೈರಿ ತೆರೆದರು. "ಈ ವರ್ಷ ಬಾಕಿ ಇರೋದು ಇಪ್ಪತ್ತೆಂಟೇ ಶಿಬಿರ. ಊಟಕ್ಕೆ ಅಂತ ಮೂರು ಹಲ್ಲು ಉಳ್ಕೊಳುತ್ತೆ."