ಪುಕ್ಕಟೆ ಪಾಠಕ್ಕೆ ಹಲ್ಲು ನೋಡಿದ ಮಾವ

ಗುಡಿಯಲ್ಲಿ ಪ್ರಸಾದ ಕೊಟ್ಟರೂ ನಮ್ಮ ಸೋದರಮಾವ ಮೊದಲು ಪೂಜಾರಿಯ ಬಾಯಿ ಅಲ್ಲಾಡುತ್ತಿದೆಯೇ ಎಂದು ನೋಡುತ್ತಾನೆ. ಪೂಜಾರಿ ತಿಂದಿದ್ದರೆ ತಾನೂ ತಿನ್ನುತ್ತಾನೆ. ಇಲ್ಲವೆಂದರೆ ಮನೆಗೆ ತಂದು ನನಗೆ ಕೊಡುತ್ತಾನೆ! ಇಂಥವನ ಕೈಯಲ್ಲಿ ಬೆಳೆದೂ ನಾನು ಮೂವತ್ತು ದಾಟಿ ಬದುಕಿದ್ದೇನೆ.

ಅವನದೂ ತಪ್ಪಲ್ಲ ಬಿಡಿ, ಕಸುಬೇ ಹಾಗೆ. ಹಗರಿಬೊಮ್ಮನಹಳ್ಳಿಯಲ್ಲಿ ಅವನು ದನದ ದಲ್ಲಾಳಿ. ಎತ್ತಿನ ಬೆಲೆಯನ್ನು ದಲ್ಲಾಳಿಗಳು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಇಬ್ಬರೂ ಕೈ ಹಿಡಿದು ಬೆರಳಿನಲ್ಲೇ ಚೌಕಾಸಿ ಮಾಡುತ್ತಾರೆ. ಬಾಯಲ್ಲಿ ಮಾತ್ರ ಮಳೆ, ಬೆಳೆ, ಮಗಳ ಮದುವೆ. ಆಯುಷ್ಯವೆಲ್ಲ ಹೀಗೆ ಕಳೆದವನಿಗೆ, ಬೆಲೆಯೇ ಇಲ್ಲದ ವಸ್ತು ಲೋಕದಲ್ಲಿಲ್ಲ, ಬೆಲೆ ಎಲ್ಲೋ ಟವೆಲ್ಲಿನ ಕೆಳಗಿದೆ ಎಂದು ಅನಿಸುವುದರಲ್ಲಿ ಆಶ್ಚರ್ಯವೇನು? ಅವನ ಮುಂದೆ ಹೋಗಿ ನಾನು ಹೇಳಿದೆ:

"ಮಾವ, ಪಾಠ ಎಲ್ಲಾ ಪುಕ್ಕಟೆ ಅದಾವ!"

ವಿಷಯ ಇಷ್ಟು. ಅಪ್ಪ ತೀರಿಕೊಂಡಾಗ ಅರ್ಧಕ್ಕೆ ಬಿಟ್ಟಿದ್ದ ಬಿ.ಎ.ಯನ್ನು ದೂರಶಿಕ್ಷಣದಲ್ಲಿ ಮತ್ತೆ ಹಿಡಿದಿದ್ದೆ. ದಿನವೆಲ್ಲ ಹೊಲಿಗೆ ಮಷಿನ್ನು, ಉಳಿದ ಹೊತ್ತು ಓದು. ಪರೀಕ್ಷೆಗೆ ಆರೇ ವಾರವಿತ್ತು, ಅರ್ಥಶಾಸ್ತ್ರ ತಲೆಗೆ ಹತ್ತುತ್ತಿರಲಿಲ್ಲ. ಈ ಸಲ ನಪಾಸಾದರೆ ಮತ್ತೊಮ್ಮೆ ಪುಸ್ತಕ ಮುಟ್ಟುವ ಧೈರ್ಯ ನನಗೆ ಬರುತ್ತಿರಲಿಲ್ಲ. ಕನ್ನಡದಲ್ಲೇ ಪಾಠ, ವಿಡಿಯೋ, ಹಳೆಯ ಪ್ರಶ್ನೆಪತ್ರಿಕೆ ಎಲ್ಲಾ ಇಂಟರ್ನೆಟ್ಟಿನಲ್ಲಿವೆ ಎಂದು ಗೆಳತಿ ಹೇಳಿದ್ದಳು. ಆದರೆ ಅದನ್ನೆಲ್ಲ ನೋಡುವಂಥ ಫೋನು ನಮ್ಮ ಮನೆಯಲ್ಲಿ ಒಂದೇ. ಎತ್ತಿನ ಫೋಟೋ ಕಳಿಸಲು ಮಾವ ಕೊಂಡದ್ದು.

"ಯಾಕ ಕೊಡ್ತಾರ ಪುಕ್ಕಟೆ?" ಎಂದ ಮಾವ.

"ಎಲ್ಲಾರೂ ಓದ್ಲಿ ಅಂತ."

"ನೀ ಓದಿದ್ರ ಅವ್ರಿಗೇನು ಬರ್ತೈತಿ?"

ಇಡೀ ಅರ್ಥಶಾಸ್ತ್ರದಲ್ಲಿ ಇಷ್ಟು ಕಠಿಣ ಪ್ರಶ್ನೆ ಇರಲಿಕ್ಕಿಲ್ಲ!

ಅಂತೂ ದಿನಕ್ಕೊಂದು ತಾಸು ಫೋನು ಸಿಕ್ಕಿತು, ಮಾವ ಪಕ್ಕದಲ್ಲಿ ಕೂತಿರಬೇಕೆಂಬ ಷರತ್ತಿನ ಮೇಲೆ. ಮೊದಲ ದಿನವೇ ಅವನು ಫೋನಿನ ಹಿಂದೆ ಮುಂದೆ ಇರುವ ಕ್ಯಾಮೆರಾಗಳಿಗೆ ದಪ್ಪಗೆ ವಿಭೂತಿ ಹಚ್ಚಿದ. "ನಾವು ಅವ್ರನ್ನ ನೋಡಾಣು. ಅವ್ರು ನಮ್ಮನ್ನ ನೋಡಾದು ಬ್ಯಾಡ." ಮರುದಿನ ಹರಪನಹಳ್ಳಿಯಿಂದ ಗಿರಾಕಿಯೊಬ್ಬ ಫೋನು ಮಾಡಿ, "ಏನ್ರೀ, ಎತ್ತಿಗೆ ಬೂದಿ ಬಳದು ಫೋಟೋ ಕಳ್ಸೀರಲ್ರೀ, ಏನು ಮುಚ್ಚಿಡಾಕ ಹತ್ತೀರಿ?" ಎಂದು ಕೇಳಿದ. ಸಂಶಯದ ರುಚಿ ಮಾವನಿಗೂ ಒಮ್ಮೆ ಗೊತ್ತಾಯಿತು.

ವಿಡಿಯೋದ ಮೇಷ್ಟ್ರನ್ನು ಅವನು ಸಂತೆಯ ಎತ್ತಿನಂತೆ ಪರೀಕ್ಷಿಸುತ್ತಿದ್ದ. ಹಲ್ಲು ನೋಡಲು ಮುಖವನ್ನೇ ಫೋನಿಗೆ ತಾಗಿಸುತ್ತಿದ್ದ. ಮೇಷ್ಟ್ರು ನೀರು ಕುಡಿಯಲು ನಿಂತರೆ, "ನೋಡು, ತಡವರಿಸಿದ! ಈ ಮಾತಿನಾಗ ಏನೋ ಐತಿ" ಎನ್ನುತ್ತಿದ್ದ. ಬೇಡಿಕೆ ಹೆಚ್ಚಾದರೆ ಬೆಲೆ ಏರುತ್ತದೆ ಎಂದು ಮೇಷ್ಟ್ರು ಅರ್ಧ ತಾಸು ವಿವರಿಸಿದರು. "ಇಷ್ಟು ಹೇಳಾಕ ಕೋಟು ಯಾಕ ಹಾಕ್ಕೊಂಡ್ಯಾನ?" ಎಂದು ಮಾವ ನನ್ನನ್ನೇ ಕೇಳಿದ.

ಪಾಠದ ಕೊನೆಗೆ ಒಂದು ಸಾಲು ಬಂತು. ಈ ಪಾಠವನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಗಟ್ಟಿಯಾಗಿ ಓದಿದ್ದೇ ನನ್ನ ತಪ್ಪು!

"ನನ್ನ ಎತ್ತು ಹೊಡ್ಕೊಂಡು ಹೋಗ್ರಿ, ಕೊಂಬು ಬೇಕಾದಂಗ ಕೆತ್ತಿಸ್ರಿ, ಊರ ಮಂದಿಗೂ ಕೊಡ್ರಿ ಅಂತ ಯಾವ ಮಾಲಕ ಅಂತಾನಲೇ? ಇದು ಕದ್ದ ಮಾಲು!"

ಅದಕ್ಕೂ ಹೇಗೋ ಸಮಾಧಾನ ಹೇಳಿದೆ. ಆದರೆ ಎರಡು ದಿನದ ಮೇಲೆ, ಪ್ರಶ್ನೆಪತ್ರಿಕೆ ತೆರೆಯಲು ಹೋದರೆ ಹೆಸರು, ವಯಸ್ಸು, ಊರು, ಓದುವ ಉದ್ದೇಶ ತುಂಬಿ ಎಂದು ಫೋನು ಕೇಳಿತು. ಮಾವ ಎದ್ದೇ ನಿಂತ. "ಹೆಣ್ಣು ನೋಡಾಕ ಬಂದೋರೂ ಇಷ್ಟು ಕೇಳಾದಿಲ್ಲ!" ಎಂದವನೇ ಫೋನನ್ನು ಅಂಗಿಯ ಜೇಬಿಗೆ ಇಳಿಸಿದ. ಬೆಳಿಗ್ಗೆ ನೋಡಿದರೆ ಫೋನೂ ಇಲ್ಲ, ಮಾವನೂ ಇಲ್ಲ.

"ಕೊಟ್ಟೂರಿಗೆ ಹೋಗ್ಯಾನಂತ" ಎಂದಳು ಅವ್ವ. ಮರುದಿನ ಕೂಡ್ಲಿಗಿಯಲ್ಲಿ ಕಂಡನಂತೆ. ಅದರ ಮರುದಿನ ಹಡಗಲಿ ಬಸ್ಸಿನಲ್ಲಿದ್ದನಂತೆ. ಮೂರು ದಿನ! ನನ್ನ ಆರು ವಾರದಲ್ಲಿ ಮೂರು ದಿನವನ್ನು ಜೇಬಿನಲ್ಲಿಟ್ಟುಕೊಂಡು ಊರೂರು ತಿರುಗುತ್ತಿದ್ದಾನಲ್ಲ! ಸಿಟ್ಟಿಗೆ ಮಷಿನ್ನಿನ ಎರಡು ಸೂಜಿ ಮುರಿದೆ. ಯಾರದೋ ಕುಪ್ಪಸಕ್ಕೆ ತೋಳನ್ನು ತಿರುಗುಮುರುಗಾಗಿ ಹೊಲಿದೆ. ಆಮೇಲೆ ಕೂತು ಅತ್ತುಬಿಟ್ಟೆ.

ನಾಲ್ಕನೆಯ ದಿನ ಮಧ್ಯಾಹ್ನ ಮಾವ ಧೂಳುಗಾಲಲ್ಲಿ ಬಂದು ಕಟ್ಟೆಯ ಮೇಲೆ ಕೂತ. ನಾನು ನೀರೂ ಕೊಡಲಿಲ್ಲ.

"ಬ್ಯಾಡ ಅಂದ್ರ ಬ್ಯಾಡ ಅಂತ ಹೇಳು ಮಾವ. ಫೋನ್ ತಗೊಂಡು ಓಡಿ ಹೋಗಾದು ಯಾಕ?"

"ವಿಚಾರ್ಸಾಕ ಹೋಗಿದ್ನೆವಾ" ಎಂದ.

ಒಬ್ಬ ಮಾಲೀಕನ ಎತ್ತು ಕೊಳ್ಳುವ ಮೊದಲು, ಹಿಂದೆ ಅವನ ಹತ್ತಿರ ಎತ್ತು ಕೊಂಡವರನ್ನು ಹುಡುಕಿ ಕೇಳುವುದು ಮಾವನ ಪದ್ಧತಿ. ಪುಕ್ಕಟೆ ಪಾಠಕ್ಕೂ ಅದನ್ನೇ ಮಾಡಿದ್ದ! ಊರೂರಿನ ಸಂತೆಯ ಪರಿಚಯದವರನ್ನು ಹಿಡಿದು, ಇದರಲ್ಲಿ ಓದಿದವರ ಮನೆ ಹುಡುಕಿ, ಫೋನಿನಲ್ಲಿ ಮೇಷ್ಟ್ರ ಮುಖ ತೋರಿಸಿ, "ಇವ್ರೇ ಏನು, ಸರಿಯಾಗಿ ನೋಡಿ ಹೇಳ್ರಿ" ಎಂದು ಕೇಳಿ ಬಂದಿದ್ದ.

"ಕೊಟ್ಟೂರಾಗ ಗ್ಯಾರೇಜಿನ ಸಾಬರ ಸೊಸಿ ಇದ್ರಾಗ ಓದೇ ಪಾಸಾಗ್ಯಾಳ. ಹಡಗಲಿ ಕಡೆ ಮಾಗಳದಾಗ ಒಬ್ಬಾಕಿ ಎರಡು ಮಕ್ಳ ತಾಯಿ, ಇನ್ನಾ ಓದ್ತಾ ಅದಾಳ. ಯಾರ ಮನಿಗೂ ಆಮ್ಯಾಲೆ ಯಾರೂ ಬಂದಿಲ್ಲ, ಏನೂ ಕೇಳಿಲ್ಲ. ಓದು."

"ಇಷ್ಟಕ್ಕ ಮೂರು ದಿನ ಸುತ್ತಬೇಕಿತ್ತಾ?"

ಮಾವ ನೆಲ ನೋಡಿದ.

"ನಿಮ್ಮವ್ವಂದು ಏಳನೇತ್ತಾ ಸಾಲಿ ಮುಗದಾಗ, ಹಡಗಲ್ಯಾಗ ಹಾಸ್ಟೆಲ್ ಐತಿ, ಊಟ, ಬಟ್ಟಿ, ಪುಸ್ತಕ ಎಲ್ಲಾ ಪುಕ್ಕಟೆ ಅಂತ ಮಾಸ್ತರು ಮೂರು ಸಲ ಮನಿಗೆ ಬಂದ್ರು. ನಮ್ಮಪ್ಪ ಹೂಂ ಅಂದಿದ್ದ. ನಾನೇ ಬ್ಯಾಡ ಅಂದೆ. ಪುಕ್ಕಟೆ ಅಂದ್ರ ಒಳಗ ಏನೋ ಐತಿ ಅಂದೆ. ಹೋಗಿ ಒಂದು ಮಾತು ವಿಚಾರ್ಸಲಿಲ್ಲ."

ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವ ಸಪ್ಪಳ ನಿಂತಿತು. ಅವ್ವ ಇದನ್ನು ನನಗೆ ಒಂದು ದಿನವೂ ಹೇಳಿರಲಿಲ್ಲ. ಮೂರು ದಿನದ ಸಿಟ್ಟು ಎಲ್ಲಿ ಹೋಯಿತೋ, ಎದ್ದು ಮಾವನಿಗೆ ನೀರು ತಂದುಕೊಟ್ಟೆ.

ಮಾವ ಫೋನನ್ನು ನನ್ನ ಕೈಗಿಟ್ಟು ದನಿ ತಗ್ಗಿಸಿದ. "ಇದ್ರಾಗ ಏಳನೇತ್ತಾಕ್ಕ ಬಿಟ್ಟೋರಿಗೂ ಪಾಠ ಅದಾವೇನು?"

"ಅದಾವ ಮಾವ. ಮನ್ಯಾಗ ಓದಿ ಹತ್ತನೇತ್ತಾ ಪರೀಕ್ಷೆ ಕಟ್ಟಬೌದು."

ಅವನು ಎದ್ದು ಹೋಗಿ ಅಡುಗೆಮನೆಯ ಹೊಸ್ತಿಲ ಹೊರಗೇ ನಿಂತ. ಒಳಗೆ ಕಾಲಿಡಲಿಲ್ಲ.

"ತಂಗೀ, ಓದ್ತೀಯೇನವಾ?"

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮೂರು ದಿನ ಎಲ್ಲಿ ಉಂಡ್ಯೋ ಏನೋ. ಮೊದ್ಲು ರೊಟ್ಟಿ ತಿನ್ನಣ್ಣಾ" ಎಂದಳು. "ಆಮ್ಯಾಲೆ ನನ್ನ ಹೆಸರು ಬರಸಿಯಂತಿ."