ಮದುವೆ ಗೌನಿನ ತೋಳಿನಲ್ಲಿ ವಿಶ್ರಮಿಸಿದ ಚುರುಟಿನವರಿಗೆ

ಮಾನ್ಯರೇ,

ಸಮುದ್ರದಾಚೆಯ ಯಾವುದೋ ತೋಟದಲ್ಲಿ ಹುಟ್ಟಿ, ನುರಿತ ಕೈಗಳಲ್ಲಿ ಸುರುಳಿಗೊಂಡು, ಸೊಂಟಕ್ಕೆ ಚಿನ್ನದ ಬಣ್ಣದ ಪಟ್ಟಿ ಕಟ್ಟಿಕೊಂಡು ನಮ್ಮಂಥ ಬಡಪಾಯಿಗಳ ಮನೆಯವರೆಗೆ ದಯಮಾಡಿಸಿ, ಸದ್ಯ ನನ್ನ ಗುಂಡಿ ಡಬ್ಬಿಯ ಮುಚ್ಚಳದಲ್ಲಿ ಅರ್ಧ ಮೈಯಿಂದ ಪವಡಿಸಿರುವ ಉತ್ತಮೋತ್ತಮ ದರ್ಜೆಯ ಚುರುಟು ಮಹಾಶಯರ ಸನ್ನಿಧಿಗೆ, ಅದೇ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುವ ಟೈಲರಮ್ಮ ಮಾಡುವ ನಮಸ್ಕಾರಗಳು. ತಮ್ಮ ಉಳಿದರ್ಧ ಕ್ಷೇಮವೆಂದು ಭಾವಿಸುತ್ತೇನೆ. ನಾನು ಕ್ಷೇಮವಾಗಿಲ್ಲ, ಅದನ್ನೇ ವಿವರವಾಗಿ ಅರಿಕೆ ಮಾಡಿಕೊಳ್ಳಲು ಈ ಪತ್ರ.

ನಮ್ಮ ಯಜಮಾನರನ್ನು ತಾವು ಬಲ್ಲಿರಿ, ಬಹುಶಃ ನನಗಿಂತ ಚೆನ್ನಾಗಿಯೇ ಬಲ್ಲಿರಿ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ವರ್ಷಕ್ಕೊಮ್ಮೆ ಮಕ್ಕಳನ್ನೂ ಹೆತ್ತವರನ್ನೂ ಕೂಡಿಸಿ, ಕಪ್ಪುಗಟ್ಟಿದ ಶ್ವಾಸಕೋಶದ ಪಟವೊಂದನ್ನು ಗೋಡೆಗೆ ತೂಗುಹಾಕಿ, ತಂಬಾಕು ಮನುಷ್ಯನನ್ನು ಹೇಗೆ ಒಳಗಿನಿಂದ ತಿಂದುಹಾಕುತ್ತದೆಂದು ಅವರು ಮಾಡುವ ಭಾಷಣ ಕೇಳಿ ಕಣ್ಣೀರಿಟ್ಟ ತಾಯಂದಿರಿದ್ದಾರೆ. ಅದೇ ಮೇಷ್ಟ್ರು ಶನಿವಾರ ಸಂಜೆಯಾದರೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ತಾರಸಿಗೆ ಹೋಗಿ, ಯಾರಿಗೂ ಕಾಣದಂತೆ ನೀರಿನ ಟ್ಯಾಂಕಿನ ಮರೆಯಲ್ಲಿ ಕುಳಿತು, ತಮ್ಮ ಬಂಧುಗಳಾದ ಚುರುಟುಗಳಿಗೆ ನೂರಕ್ಕೆ ಇಷ್ಟೆಂದು ಅಂಕ ಹಾಕುತ್ತಾರೆ. ಅಲ್ಲಿ ‘ಸೇದುವುದು’ ಎಂಬ ಮಾತನ್ನು ಯಾರೂ ಆಡಕೂಡದು, ಅದು ‘ಮೌಲ್ಯಮಾಪನ’. ಹೀಗೆ ಅಂಕ ಹಾಕುವವರ ಬಳಗಕ್ಕೆ ಹಲ್ಲಿನ ಡಾಕ್ಟರೇ ಅಧ್ಯಕ್ಷರು. ಊರಿನ ಹಲ್ಲುಗಳೆಲ್ಲ ಕರೆಗಟ್ಟದೆ ಫಳಫಳ ಹೊಳೆಯುತ್ತಿದ್ದರೆ ಪಾಪ ಅವರ ಗತಿಯಾದರೂ ಏನು?

ಆ ತಾರಸಿಯ ಮೇಲೆ ನಮ್ಮನೆಯವರ ನಾಲಿಗೆಗೆ ಬರುವ ಶಕ್ತಿಯನ್ನು ನೆನೆದರೆ ನನಗೆ ಮೈ ಝುಮ್ಮೆನ್ನುತ್ತದೆ. ಮೊದಲ ಭಾಗದಲ್ಲಿ ಹಳೆಯ ಚರ್ಮದ ವಾಸನೆ, ನಡುವೆ ಒದ್ದೆ ಮಣ್ಣು, ಆಮೇಲೆ ದೇವದಾರು ಮರ, ಕೊನೆಗೆ ಗಂಟಲ ಹಿಂಬದಿಯಲ್ಲಿ ಮೆಣಸಿನ ಒಂದು ಎಳೆ, ಇಷ್ಟನ್ನೂ ಅವರು ಕಣ್ಣು ಮುಚ್ಚಿಕೊಂಡು ಬಿಡಿಸಿ ಹೇಳುತ್ತಾರಂತೆ. ಮನೆಯ ಅಡುಗೆಗೆ ಉಪ್ಪೇ ಹಾಕಿಲ್ಲವೆಂಬುದು ಮಾತ್ರ ಇದೇ ನಾಲಿಗೆಗೆ ಊಟ ಮುಗಿದು ಕೈ ತೊಳೆದ ಮೇಲೂ ತಿಳಿಯುವುದಿಲ್ಲ. ತಮ್ಮ ಬಂಧುಗಳಿಗೆ ತೊಂಬತ್ತಕ್ಕೆ ಕಡಿಮೆ ಅಂಕ ಬಿದ್ದದ್ದಿಲ್ಲ. ನನಗೆ ‘ಪರವಾಗಿಲ್ಲ’ಕ್ಕಿಂತ ಹೆಚ್ಚು ಬಿದ್ದದ್ದಿಲ್ಲ. ಇದು ದೂರಲ್ಲ, ಮಾನ್ಯರೇ, ಪ್ರತಿಭೆಗೆ ಸಲ್ಲಿಸುತ್ತಿರುವ ಗೌರವ.

ತಾವು ಚಿತ್ತೈಸಿದ್ದು ಇಂಥ ಪ್ರತಿಭಾವಂತರ ಕೈಗೆ. ತಮ್ಮ ಜಾತಿಯಲ್ಲಿ ಒಂದೇ ಒಂದು ಚುರುಟು ಬಂದಿದೆಯೆಂದೂ, ಅದನ್ನು ಬಳಗದ ಪರವಾಗಿ ಮೇಷ್ಟ್ರೇ ಅಳೆದು ತೂಗಿ ವರದಿ ಓದಬೇಕೆಂದೂ ಹಲ್ಲಿನ ಡಾಕ್ಟರು ಅಪ್ಪಣೆ ಮಾಡಿದಾಗ, ಇವರ ಮುಖದಲ್ಲಿ ನಮ್ಮ ಮದುವೆಯ ದಿನ ಕಾಣದ ಕಳೆಯೊಂದು ಕಂಡಿತು. ಆದರೆ ದೂರದ ಪ್ರಯಾಣದಿಂದ ತಮಗೆ ಆಯಾಸವಾಗಿರುತ್ತದಂತೆ. ಹದವಾದ ತೇವವಿರುವ, ಗಾಳಿಯಾಡದ, ದೇವದಾರು ಮರದ ಗಂಧವಿರುವ ಜಾಗದಲ್ಲಿ ಕೆಲವು ವಾರ ವಿಶ್ರಾಂತಿ ಸಿಗದಿದ್ದರೆ ತಮ್ಮ ಸ್ವಭಾವವೇ ಕಹಿಯಾಗಿಬಿಡುತ್ತದಂತೆ. ನನ್ನ ಸ್ವಭಾವ ಏಕೆ ಹೀಗಾಯಿತೆಂದು ನನಗೂ ಅಂದೇ ಅರ್ಥವಾಯಿತು.

ತಮ್ಮಂಥವರಿಗೆಂದೇ ಮಾಡಿದ ಪೆಟ್ಟಿಗೆ ನಮ್ಮ ಮನೆಯಲ್ಲಿಲ್ಲ. ಆದರೆ ನನ್ನ ಹೊಲಿಗೆ ಕೋಣೆಯ ಬೀರು ಇದೆ. ಅದರಲ್ಲಿ ಬೇಕರಿಯಮ್ಮನ ಮಗಳ ಮದುವೆಗೆಂದು ನಾನು ಹೊಲಿದ ಕೆನೆ ಬಣ್ಣದ ಗೌನು, ಜಿಪ್ಪು ಹಾಕಿದ ದಪ್ಪ ಕವರಿನೊಳಗೆ ತೂಗುತ್ತಿತ್ತು. ಹುಳು ಬೀಳದಿರಲೆಂದು ಕವರಿನೊಳಗೆ ದೇವದಾರು ಮರದ ತುಂಡುಗಳನ್ನು ನಾನೇ ಇಟ್ಟಿದ್ದೆ. ಪಕ್ಕದಲ್ಲೇ ದಿನವಿಡೀ ಆವಿಯ ಇಸ್ತ್ರಿ ಪೆಟ್ಟಿಗೆ ಬುಸುಗುಡುವುದರಿಂದ ಹದವಾದ ತೇವಕ್ಕೇನೂ ಕೊರತೆಯಿರಲಿಲ್ಲ. ವಿಜ್ಞಾನದ ಮೇಷ್ಟ್ರಿಗೆ ಇನ್ನೇನು ಬೇಕು? ಹೊಲಿಗೆಯವಳನ್ನು ಕಟ್ಟಿಕೊಂಡ ಚುರುಟು ರಸಿಕನಿಗೆ ಮಾತ್ರ ಹೊಳೆಯಬಹುದಾದ ಬುದ್ಧಿವಂತಿಕೆಯಿಂದ, ನನ್ನನ್ನು ಒಂದು ಮಾತೂ ಕೇಳದೆ, ಅವರು ತಮ್ಮನ್ನು ಗೌನಿನ ಎಡತೋಳಿನೊಳಗೆ ಇಳಿಬಿಟ್ಟು ಜಿಪ್ಪು ಎಳೆದರು. ತೋಳಿನ ತುದಿಯಲ್ಲಿ ನಾನು ಬಿಗಿಯಾದ ಪಟ್ಟಿ ಹೊಲಿದಿದ್ದರಿಂದ ತಾವು ಕೆಳಗೆ ಜಾರಲೂ ಇಲ್ಲ. ನನ್ನ ಕೈಚಳಕವನ್ನು ಈ ಮನೆಯಲ್ಲಿ ಯಾರಾದರೂ ಪೂರ್ತಿಯಾಗಿ ಬಳಸಿಕೊಂಡಿದ್ದರೆ ಅದು ತಾವೇ.

ಟ್ರಯಲ್ ನೋಡಲು ಬೇಕರಿಯಮ್ಮ ಮಗಳೊಂದಿಗೆ ಬಂದ ದಿನ ನಾನು ಕವರಿನ ಜಿಪ್ಪು ಎಳೆದದ್ದೇ ತಡ, ಗುಪ್ಪೆಂದು ತಂಬಾಕಿನ ವಾಸನೆ ಮುಖಕ್ಕೆ ರಾಚಿತು. ಹುಡುಗಿ ತೋಳಿಗೆ ಕೈ ತೂರಿಸಿ, ‘ಆಂಟಿ, ಒಳಗೇನೋ ಇದೆ’ ಎನ್ನುತ್ತ ಕೈ ಹೊರಗೆಳೆದು ತೋಳನ್ನು ತಲೆಕೆಳಗಾಗಿ ಒದರಿದಳು. ತಾವು ಚಿನ್ನದ ಪಟ್ಟಿ ಮಿನುಗಿಸುತ್ತ ಬೇಕರಿಯಮ್ಮನ ಪಾದದ ಬಳಿ ಬಂದು ಬಿದ್ದಿರಿ. ದಿನಾ ಬೆಳಗಿನ ಜಾವ ಬ್ರೆಡ್ಡು ಸೀಯುವ ಮೊದಲೇ ವಾಸನೆ ಹಿಡಿಯುವ ಮೂಗು ಆ ತಾಯಿಯದು. ಅವರು ತಮ್ಮನ್ನು ನೋಡಿದರು, ನನ್ನನ್ನು ನೋಡಿದರು. ‘ಏನ್ ಟೈಲರಮ್ಮಾ, ಇದೂ ಶುರು ಮಾಡ್ಕೊಂಡಿದೀರಾ? ಮಗೂ ಮದುವೆ ಬಟ್ಟೆ ಕಣ್ರೀ ಇದು!’ ಎಂದರು. ಆ ಹುಡುಗಿಯ ಕಣ್ಣಲ್ಲಿ ನೀರು ತುಂಬಿತ್ತು.

ನಮ್ಮನೆಯವರು ಬಾಗಿಲಲ್ಲೇ ನಿಂತಿದ್ದರು. ಹುಡುಗಿ ಅವರದೇ ಶಿಷ್ಯೆ, ಆ ಶ್ವಾಸಕೋಶದ ಪಟವನ್ನು ನೋಡಿ ಬೆಳೆದವಳು. ನಾನು ಅವರ ಮುಖ ನೋಡಿದೆ. ಒಂದು ಮಾತು, ‘ಅದು ನನ್ನದು’ ಎಂಬ ಒಂದೇ ಮಾತು ಅವರ ಬಾಯಿಂದ ಬರುತ್ತದೆಂದು ಕಾದೆ. ಅವರ ಕಣ್ಣು ನೆಲದ ಮೇಲಿದ್ದ ತಮ್ಮ ಮೇಲೇ ಇತ್ತು. ಹೊರ ಎಲೆ ಎಲ್ಲಾದರೂ ಬಿರಿದಿದೆಯೇ ಎಂದು ತಲೆಯಿಂದ ಬುಡದವರೆಗೆ ಪರೀಕ್ಷಿಸಿ, ಬಿರಿದಿಲ್ಲವೆಂದು ಖಾತ್ರಿಯಾದ ಮೇಲೆ, ‘ಏನೋಪ್ಪಾ, ನಂಗೊತ್ತಿಲ್ಲ’ ಎಂದು ಒಳಗೆ ಹೋದರು. ಮೊಸರು ತಿಂದ ಕೋತಿ ಮೇಕೆಯ ಮೂತಿಗೆ ಒರೆಸಿತೆಂಬ ಗಾದೆಯನ್ನು ಎಷ್ಟೋ ಸಲ ಕೇಳಿದ್ದೆ. ಮೇಕೆಗೆ ಎಷ್ಟು ನೋವಾಗಿರಬಹುದೆಂದು ಮಾತ್ರ ಯೋಚಿಸಿರಲಿಲ್ಲ.

ಗೌನಿನ ಲೈನಿಂಗ್ ಪೂರ್ತಿ ಬಿಚ್ಚಿ ಎಸೆದು ಹೊಸದು ಹಾಕಿದೆ, ಬಿಸಿಲಿಗೆ ಹಿಡಿದೆ, ಗಾಳಿಗೆ ಹಿಡಿದೆ, ವಾಸನೆ ಹೋಯಿತು. ಹೆಸರಿಗೆ ಅಂಟಿದ್ದು ಹೋಗಲಿಲ್ಲ. ಬೇಕರಿಯಮ್ಮ ಗೌನು ಒಯ್ದರು, ಆದರೆ ಮದುಮಗಳ ಗೆಳತಿಯರಿಗೆಂದು ಕೊಟ್ಟಿದ್ದ ಬಟ್ಟೆಯನ್ನೂ ಕತ್ತರಿ ಹಾಕುವ ಮೊದಲೇ ಮಡಿಸಿಕೊಂಡು ಹೋದರು. ಬ್ರೆಡ್ಡಿನ ಜೊತೆಗೆ ಸುದ್ದಿಯೂ ಬಿಸಿಬಿಸಿಯಾಗಿ ಮನೆಮನೆ ತಲುಪಿತು. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದು ಕೇಳಿದವರಿಗೆ ಏನು ಹೇಳಲಿ, ಆಗ ಬೆಂಕಿಯೂ ಇರಲಿಲ್ಲ, ಹೊಗೆಯೂ ಇರಲಿಲ್ಲ, ಬರೀ ಎಲೆಯಿತ್ತು. ಚುರುಟಮ್ಮ ಎಂಬ ಬಿರುದು ನನಗೆ ಹೀಗೆ ದೊರೆಯಿತು. ಮೂಲೆಯಲ್ಲಿ ಕುಳಿತ ಅತ್ತೆಯಂತೂ, ‘ಹೋಗ್ಲಿ ಬಿಡೇ, ಊರಿನ ಬಾಯಿಗೆ ಬೀಗ ಹಾಕಕ್ಕಾಗುತ್ತಾ’ ಎಂದು ಸಮಾಧಾನ ಹೇಳಿದರು. ಅತ್ತೇ, ಊರಿನ ಬಾಯಿಯ ಮಾತು ಬಿಡಿ, ತಮ್ಮ ಮಗನ ಬಾಯಿಗೆ ಹಾಕಿದ ಬೀಗ ತೆಗೆದರೆ ಸಾಕಿತ್ತು ಎಂದು ನಾನು ಅನ್ನಲಿಲ್ಲ. ಅಂದುಕೊಂಡೆ, ಅಷ್ಟೆ.

ಎದುರು ಸಾಲಿನ ಮನೆಯಾಕೆಯೂ ಅರ್ಧ ಹೊಲಿದ ರವಿಕೆಯನ್ನು ವಾಪಸ್ ಕೇಳಿ ಒಯ್ದ ದಿನ ನನಗೆ ರೇಗಿಹೋಯಿತು. ಹೇಗೂ ಹೆಸರು ಬಂದಾಗಿದೆ, ಅದಕ್ಕೆ ತಕ್ಕ ಕೆಲಸವನ್ನಾದರೂ ಮಾಡಿಬಿಡೋಣವೆಂದು, ನಮ್ಮನೆಯವರು ಪುಸ್ತಕಗಳ ಹಿಂದೆ ಬಚ್ಚಿಟ್ಟಿದ್ದ ತಮ್ಮನ್ನು ಕರೆತಂದು ಹಿತ್ತಲಿನ ಬಾಲ್ಕನಿಯಲ್ಲಿ ಕೂರಿಸಿದೆ. ಮೌಲ್ಯಮಾಪನವನ್ನು ಶಾಸ್ತ್ರೋಕ್ತವಾಗಿಯೇ ಮಾಡಿದ್ದೇನೆ. ಇಂಚು ಟೇಪಿನಲ್ಲಿ ಉದ್ದವನ್ನೂ ಸೊಂಟದ ಸುತ್ತಳತೆಯನ್ನೂ ತೆಗೆದುಕೊಂಡೆ. ಹೊರ ಎಲೆಯ ಅಂಚು ಎಲ್ಲಿ ಸೇರುತ್ತದೆಂದೇ ತಿಳಿಯದಂಥ ಕೆಲಸ; ಹೊಲಿಗೆಯಿಲ್ಲದೆ ಇಷ್ಟು ಅಚ್ಚುಕಟ್ಟಾಗಿ ಸುತ್ತಿದ ಕೈಗಳಿಗೆ ನಿಜವಾಗಿಯೂ ಕೈ ಮುಗಿಯುತ್ತೇನೆ. ತಲೆಯನ್ನು ಕತ್ತರಿಸಬೇಕೆಂದು ಗೊತ್ತಿತ್ತು. ಕತ್ತರಿಸಿದ ಅಂಚು ಎಳೆ ಬಿಡದಿರಲೆಂದು, ಬಟ್ಟೆಗೆ ಬಳಸುವ ಜಿಗ್‌ಜಾಗ್ ಕತ್ತರಿಯಲ್ಲೇ ಕತ್ತರಿಸಿದೆ. ತಮ್ಮ ನೆತ್ತಿಯ ಮೇಲೆ ಗರಗಸದ ಹಲ್ಲುಗಳಂಥ ಕಿರೀಟವೊಂದು ಮೂಡಿತು. ಹೊತ್ತಿಸಿದ ಮೇಲೆ ಬೂದಿ ಎರಡು ಬೆರಳಿನಷ್ಟು ಬೆಳೆದರೂ ಉದುರಲಿಲ್ಲ. ಈ ಮನೆಯಲ್ಲಿ ಕಷ್ಟ ಬಂದಾಗ ಜಾಗ ಬಿಟ್ಟು ಕದಲದೆ ನಿಂತದ್ದು ತಮ್ಮ ಬೂದಿಯೊಂದೇ.

ಅಷ್ಟರಲ್ಲಿ ಶಾಲೆಯಿಂದ ಬಂದ ನಮ್ಮನೆಯವರು ಬಾಲ್ಕನಿಯ ಬಾಗಿಲಲ್ಲಿ ನಿಂತರು. ಹೆಂಡತಿಯ ಬಾಯಲ್ಲಿ ಚುರುಟು ಕಂಡ ಗಂಡ ಬೈಯಬಹುದು, ನಗಬಹುದು, ಏನಾಯಿತೆಂದು ಕೇಳಬಹುದು. ನಾನು ತಮ್ಮನ್ನು ಬಾಯಿಂದ ತೆಗೆದೊಡನೆ ಇವರ ಕಣ್ಣು ಹೋದದ್ದು ಆ ಜಿಗ್‌ಜಾಗ್ ಅಂಚಿಗೆ. ‘ಅಯ್ಯಯ್ಯೋ, ಹೀಗ್ಯಾಕೇ ಕತ್ತರಿಸ್ದೆ! ಅದು ನಂದು ಕಣೇ! ನಂದು!’ ಎಂದು ಬೀದಿಗೇ ಕೇಳುವಂತೆ ಕೂಗಿದರು. ಆದರೆ ಹಿತ್ತಲಿನ ಕಡೆ ಬೀದಿಯಿಲ್ಲ, ಗೋಡೆಯೊಂದೇ ಇದೆ. ಮಾನ್ಯರೇ, ಅದೇ ಮಾತು. ಆ ದಿನ ಬೇಕರಿಯಮ್ಮನ ಮುಂದೆ ನಾನು ಜೀವ ಬಿಗಿಹಿಡಿದು ಕಾದಿದ್ದ ಅದೇ ಮಾತು ನನ್ನ ಮಾನಕ್ಕಾಗಿ ಹೊರಡಲಿಲ್ಲ, ತಮ್ಮ ನೆತ್ತಿಗಾಗಿ ಹೊರಟಿತು. ನಾನು ಅತ್ತುಬಿಟ್ಟೆ. ಹೊಗೆಗೆ ಕಣ್ಣಲ್ಲಿ ನೀರು ಬಂತೆಂದು ಅವರು ತಿಳಿದರು. ಹೊಗೆಯನ್ನು ಬಾಯಲ್ಲಷ್ಟೇ ಇಟ್ಟುಕೊಂಡು ಹೊರಗೆ ಬಿಡಬೇಕೆಂದು ಬುದ್ಧಿಯನ್ನೂ ಹೇಳಿದರು.

ಅಂದಿನಿಂದ ಅವರಿಗೆ ನಿದ್ದೆಯಿಲ್ಲ. ಬಳಗದ ಮುಂದೆ ವರದಿ ಓದಬೇಕಾದವರು ಅವರು, ತಮ್ಮ ರುಚಿ ಬಲ್ಲವಳು ಈ ಸೀಮೆಗೆಲ್ಲ ನಾನೊಬ್ಬಳೇ. ಉಳಿದರ್ಧವನ್ನು ಹೊತ್ತಿಸೋಣವೆಂದರೆ, ಒಮ್ಮೆ ಆರಿ ತಣ್ಣಗಾದ ಚುರುಟಿಗೆ ಅಂಕ ಹಾಕುವುದು ಬಳಗದ ನಿಯಮಕ್ಕೆ ವಿರುದ್ಧ. ‘ಮಣ್ಣಿನ ವಾಸನೆ ಇತ್ತಾ? ಕೊನೇಲಿ ಮೆಣಸು ಬಂತಾ? ಅಷ್ಟಾದ್ರೂ ಹೇಳೇ’ ಎಂದು ನನ್ನ ಹಿಂದೆ ಹಿಂದೆ ಸುತ್ತುತ್ತಾರೆ. ನನ್ನದು ಒಂದೇ ಷರತ್ತು: ಬೇಕರಿಗೆ ಹೋಗಿ, ಆ ತಾಯಿ ಮಗಳ ಮುಂದೆ ನಿಂತು, ಚುರುಟು ನನ್ನದು, ನನ್ನ ಹೆಂಡತಿಯದಲ್ಲ ಎಂದು ಬಾಯಿಬಿಟ್ಟು ಹೇಳಲಿ; ಆಮೇಲೆ ಕೇಳಿದ್ದೆಲ್ಲ ಹೇಳುತ್ತೇನೆ. ಸಂಜೆಯಾದರೆ ಅಂಗಿಯ ತೋಳು ಸರಿಮಾಡಿಕೊಂಡು ಯುದ್ಧಕ್ಕೆ ಹೊರಟವರಂತೆ ಹೊರಡುತ್ತಾರೆ. ಬರುವಾಗ ಕೈಯಲ್ಲೊಂದು ಬ್ರೆಡ್ಡು ಇರುತ್ತದೆ. ಅಡುಗೆಮನೆಯ ಕಟ್ಟೆಯ ಮೇಲೆ ಈಗ ಪಾತ್ರೆ ಇಡಲು ಜಾಗವಿಲ್ಲ.

ಆದ್ದರಿಂದ ಘನತೆವೆತ್ತ ತಮ್ಮಲ್ಲಿ ಕೆಲವು ಚಿಕ್ಕಪುಟ್ಟ ವಿನಂತಿಗಳಿವೆ. ತಾವು ದಯವಿಟ್ಟು ಮುಚ್ಚಳದಿಂದೆದ್ದು, ಉಳಿದ ಅರ್ಧ ಮೈಯಿಂದಲೇ ಬೇಕರಿಯವರೆಗೆ ನಡೆದುಹೋಗಿ ನನ್ನ ಪರವಾಗಿ ಸಾಕ್ಷಿ ನುಡಿಯಬೇಕು. ಅದು ಆಗದಿದ್ದರೆ, ತಮ್ಮ ತೋಟದವರಿಗೆ ಹೇಳಿ ಒಂದಿಷ್ಟು ಧೈರ್ಯವನ್ನು ಎಲೆಯಲ್ಲಿ ಸುತ್ತಿ ನಮ್ಮನೆಯವರ ವಿಳಾಸಕ್ಕೆ ಕಳುಹಿಸಬೇಕು, ಸೇದಿಯಾದರೂ ಒಳಗೆ ಎಳೆದುಕೊಳ್ಳಲಿ. ಹಾಗೆಂದು ಬರೆಯುವಾಗಲೇ ನೆನಪಾಯಿತು, ಮೌಲ್ಯಮಾಪಕರು ಯಾವುದನ್ನೂ ಒಳಗೆ ಎಳೆದುಕೊಳ್ಳುವುದಿಲ್ಲ, ಬಾಯಲ್ಲಿ ಆಡಿಸಿ ಹೊರಗೆ ಬಿಡುತ್ತಾರೆ. ಹಾಗಾಗಿ ಆ ವಿನಂತಿಯನ್ನು ಹಿಂಪಡೆಯುತ್ತೇನೆ.

ಇಷ್ಟೆಲ್ಲ ಆದರೂ ತಮ್ಮ ವಿಶ್ವಾಸಿಯೇ ಆಗಿರುವ,
ಹೆಸರು ಕೆಟ್ಟ ಮೇಲೆ ಒಂದೇ ಒಂದು ಸಲ, ಅದೂ ಅರ್ಧ ಮಾತ್ರ ಸೇದಿದ
ಟೈಲರಮ್ಮ

ಮರೆತ ಮಾತು: ಇಂದು ಬೆಳಿಗ್ಗೆ ಬೇಕರಿಯಮ್ಮ, ಎಷ್ಟೋ ದಿನಗಳ ಮೇಲೆ, ನನ್ನ ಬಾಗಿಲಿಗೆ ಬಂದು ದನಿ ತಗ್ಗಿಸಿ ಕೇಳಿದರು: ‘ಮೇಷ್ಟ್ರು ಹುಷಾರಾಗಿದಾರಾ? ದಿನಾ ಬಂದು ಏನೋ ಹೇಳಕ್ಕೆ ಬಾಯಿ ತೆಗೀತಾರೆ, ನನ್ ಮಗಳನ್ನ ನೋಡ್ತಾರೆ, ಆಮೇಲೆ ಒಂದು ಬ್ರೆಡ್ ಕೊಡಿ ಅಂತಾರೆ.’ ಅವರು ಹೋದ ಮೇಲೆ ಕುಳಿತು ಈ ಪತ್ರ ಬರೆದೆ. ತಮಗೆ ಓದು ಬರುವುದಿಲ್ಲವೆಂಬುದು ನೆನಪಾಗಿ, ಇದನ್ನು ಬೇಕರಿಯ ಗಾಜಿನ ಬಾಗಿಲಿಗೆ, ಎಲ್ಲರ ಕಣ್ಣಿಗೆ ಬೀಳುವ ಎತ್ತರದಲ್ಲಿ ಅಂಟಿಸುತ್ತಿದ್ದೇನೆ. ಸಂಜೆ ಬ್ರೆಡ್ಡಿಗೆ ಬರುವ ನಮ್ಮನೆಯವರೂ ಸಾಲಿನಲ್ಲಿ ನಿಂತು ಓದಿಕೊಳ್ಳಲಿ. ಅವರು ಹೇಳಬೇಕಾಗಿದ್ದ ಮಾತನ್ನು ನಾನೇ ಹೇಳಿಬಿಟ್ಟದ್ದರಿಂದ, ತಾವು ಹೇಗಿದ್ದಿರಿ ಎಂಬುದನ್ನು ಇನ್ನು ಈ ಜನ್ಮದಲ್ಲಿ ಅವರಿಗೆ ಹೇಳುವುದಿಲ್ಲ.