ಪಕ್ಕದ ಮನೆಯ ಲೋಳೆಸರ

ಮುಂಬಯಿಯ ಚಾಳಿನ ಸಾಲುಮನೆಗಳಲ್ಲಿ ಬದುಕಿದವರಿಗೆ ನಗುವ ಪ್ರಸಂಗಗಳಿಗೆ ಬರವಿಲ್ಲ. ಒಂದೇ ಗ್ಯಾಲರಿ, ಒಂದೇ ನಲ್ಲಿ, ಒಬ್ಬರ ಮನೆಯ ಒಗ್ಗರಣೆ ಎಲ್ಲರ ಮೂಗಿಗೆ. ಎಪ್ಪತ್ತರ ದಶಕದಲ್ಲಿ ನಾವು ಚೆಂಬೂರಿನ ಚಾಳಿನಲ್ಲಿದ್ದಾಗ ನಡೆದವುಗಳಲ್ಲಿ ಕೆಲವಕ್ಕೆ ನನ್ನ ಹೊಟ್ಟೆಕಿಚ್ಚೇ ಕಾರಣ. ಈಗ ಒಪ್ಪಿಕೊಳ್ಳಲು ನಾಚಿಕೆಯಿಲ್ಲ.

ಎರಡು ಚೊಂಬು ನೀರು

ಪಕ್ಕದ ಮನೆಯಲ್ಲಿ ಧಾರವಾಡ ಕಡೆಯ ಹೆಂಗಸೊಬ್ಬರಿದ್ದರು. ಎಲ್ಲರೂ ಅವರನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆವು. ಅವರ ಲೋಳೆಸರ ತುಕ್ಕು ಹಿಡಿದ ವನಸ್ಪತಿ ತುಪ್ಪದ ಡಬ್ಬದಲ್ಲಿ ದಪ್ಪ ದಪ್ಪ ಎಲೆ ಬಿಟ್ಟು ಸೊಕ್ಕಿ ನಿಂತಿತ್ತು. ನಾನು ಸುಮ್ಮನಿರುತ್ತೇನೆಯೇ? ಮಾರ್ಕೆಟಿನಿಂದ ಒಂದು ಗಿಡ ತಂದು ಚಂದದ ಮಣ್ಣಿನ ಕುಂಡದಲ್ಲಿ ನೆಟ್ಟೆ. ಬೆಳಿಗ್ಗೆ ಒಂದೇ ತಾಸು ಬರುವ ನೀರಿನಲ್ಲಿ ಅದಕ್ಕೆ ಎರಡು ಚೊಂಬು, ನಮ್ಮವರ ಸ್ನಾನಕ್ಕೆ ಅರ್ಧ ಬಕೆಟ್. ಹದಿನೈದು ದಿನದಲ್ಲಿ ಗಿಡ ಬುಡದಲ್ಲೇ ಕೊಳೆತು, ಬೆಂದ ಬದನೆಕಾಯಿಯ ಹಾಗೆ ಕುಸಿಯಿತು.

“ವೈನಿ, ನಿಮ್ಮದಕ್ಕೆ ಏನು ಹಾಕುತ್ತೀರಿ ಮಾರಾಯ್ರೆ?”

“ಏನೂ ಇಲ್ಲರಿ ಅಕ್ಕಾರ. ಅದನ್ನ ಮರತು ಬಿಡಬೇಕ್ರಿ.”

ಒಳಗಿನಿಂದ ನಮ್ಮವರು ಕೂಗಿದರು: “ಅವಳು ನಿಮ್ಮ ಗಿಡವನ್ನೇ ಮರೆಯಲಾರಳು ವೈನಿ, ತನ್ನದನ್ನು ಎಲ್ಲಿ ಮರೆತಾಳು?”

ಮರಿ

ವೈನಿ ಎರಡು ದಿನ ಬೊರಿವಲಿಯ ತಂಗಿ ಮನೆಗೆ ಹೋದರು. ಅವರ ಡಬ್ಬದ ಅಂಚಿನಲ್ಲಿ ನಾಲ್ಕು ಮರಿ ಎದ್ದಿದ್ದವು. ದೊಡ್ಡದನ್ನು ಕಿತ್ತರೆ ಗೊತ್ತಾಗುತ್ತದೆಂದು, ಅತ್ತಿತ್ತ ನೋಡಿ ಅತಿ ಚಿಕ್ಕದನ್ನು ಚಮಚೆಯಿಂದ ಎಬ್ಬಿಸಿ ನನ್ನ ಕುಂಡಕ್ಕೆ ಸೇರಿಸಿದೆ. ವೈನಿ ಬಂದವರೇ ಕಂಡುಬಿಟ್ಟರು.

“ಅಕ್ಕಾರ, ಇದನ್ನೆಲ್ಲಿಂದ ತಂದ್ರಿ?”

“ನನ್ನ ತಮ್ಮ ಊರಿಂದ ತಂದುಕೊಟ್ಟ.”

“ಛಲೋ ಆತು ಬಿಡ್ರಿ. ನಮ್ಮ ದೊಡ್ಡ ಮರಿ ನಿಮಗಂತ ಇಟ್ಟಿದ್ದೆ. ಈಗ ಕೆಳಗಿನ ಮನಿಯಾಕಿಗೆ ಕೊಡತೀನಿ.”

ಕೊಟ್ಟೇ ಬಿಟ್ಟರು. ಅಂದಿನಿಂದ ನನಗೆ ಹೊಟ್ಟೆ ಉರಿಯಲು ಎರಡು ಮನೆಯಾಯಿತು.

ತಲೆಕೆಳಗು

ನಾನು ಕದ್ದ ಮರಿ ಕಿರುಬೆರಳಿನಷ್ಟೇ ಉಳಿಯಿತು. ಆದರೆ ಒಂದು ದಿನ ವೈನಿಯ ಗಿಡದ ಎಲೆಗಳೂ ತುದಿಯಲ್ಲಿ ಒಣಗಿದ್ದು ಕಂಡಿತು. ಅವತ್ತು ನಾನು ಎರಡು ತುತ್ತು ಹೆಚ್ಚೇ ಉಂಡೆ.

“ಯಾರದೋ ಕಣ್ಣು ಬಿದ್ದದರಿ ಅಕ್ಕಾರ,” ಎಂದರು ವೈನಿ.

“ಅಯ್ಯೋ, ಇಂಥ ಜನರೂ ಇರುತ್ತಾರಾ!” ಎಂದೆ.

ದೃಷ್ಟಿ ತಾಗದಿರಲು ಇನ್ನೊಂದು ಲೋಳೆಸರವನ್ನು ಬೇರು ಸಮೇತ ಬಾಗಿಲ ಮೇಲೆ ತಲೆಕೆಳಗಾಗಿ ತೂಗುಹಾಕಬೇಕಂತೆ. “ನೀವು ಎತ್ತರ ಇದ್ದೀರಿ, ಕಟ್ಟಿಕೊಡ್ರಿ,” ಎಂದರು. ಸ್ಟೂಲ್ ಹತ್ತಿ, ನನ್ನ ಕಣ್ಣಿಗೆ ನಾನೇ ಕಾವಲು ಕಟ್ಟಿ ಇಳಿದೆ.

ಮಣ್ಣಿಲ್ಲ, ನೀರಿಲ್ಲ. ಆದರೂ ಆ ಗಿಡ ಎರಡು ತಿಂಗಳಲ್ಲಿ ಹೂ ಬಿಟ್ಟಿತು! ಚಾಳಿಗೆ ಚಾಳೇ ನೋಡಲು ಬಂತು. “ಇದು ನಮ್ಮ ಅಕ್ಕಾರ ಕೈಗುಣಾರಿ,” ಎಂದು ವೈನಿ ಸಾರಿದ್ದೇ ಸಾರಿದ್ದು. ಮರುದಿನದಿಂದ ಒಬ್ಬೊಬ್ಬರೇ ತಮ್ಮ ಬಾಗಿಲಿಗೂ ಕಟ್ಟಿಸಿಕೊಳ್ಳಲು ಗಿಡ ಹಿಡಿದು ಬಂದರು: “ಭಾಭೀ, ಹಮಾರಾ ಭೀ ಬಾಂಧೋ ನಾ!” ಇಲ್ಲವೆನ್ನಲಾದೀತೇ? ಹೊಟ್ಟೆಯೊಳಗೆ ಕುದಿಯುತ್ತಾ, ಮುಖದಲ್ಲಿ ನಗುತ್ತಾ, ಸ್ಟೂಲ್ ಹೊತ್ತು ಮೂರು ಮಹಡಿ ತಿರುಗಿದೆ.

ಸಂಜೆ ಕೆಲಸದಿಂದ ಬಂದ ನಮ್ಮವರು ಬಾಗಿಲು ಬಾಗಿಲಿಗೂ ತೂಗುತ್ತಿದ್ದ ಗಿಡಗಳನ್ನು ನೋಡಿ, ಚಪ್ಪಲಿ ಬಿಚ್ಚುತ್ತಾ ಹೇಳಿದರು: “ಇಡೀ ಚಾಳಿಗೇ ಬಂದೋಬಸ್ತು ಮಾಡಿಬಿಟ್ಟೆಯಲ್ಲ ಮಾರಾಯ್ತಿ! ಇನ್ನು ಹೊಟ್ಟೆಕಿಚ್ಚು ಪಡಬೇಕಾದರೆ ನೀನು ಲೋಕಲ್ ರೈಲು ಹಿಡಿದು ವಡಾಲಕ್ಕೇ ಹೋಗಬೇಕು.”